ಪ್ರತ್ಯಕ್ಷ ಕಂಡರೂ: ಯುದ್ಧದ ವಿಡಿಯೋಗಳ ಒಂದು ವಿಮರ್ಶೆ

2025ರ ಮೇ 9, ಶುಕ್ರವಾರ. ಬೇಸಿಗೆಯ ರಜೆಯಲ್ಲಿ ನಾನು ಹಳಿಯಾಳ ತಾಲ್ಲೂಕಿನ ತೇರಗಾಂವದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಬೆಳಗಿನ ಚಹಾ ಕುಡಿಯುತ್ತಿದ್ದಾಗ ಪಕ್ಕದ ಮನೆಯ ಹುಡುಗ, ಪಿಯುಸಿ ಮೊದಲ ವರ್ಷ ಮುಗಿಸಿದವನು, ಮೊಬೈಲ್ ಹಿಡಿದುಕೊಂಡು ಓಡಿ ಬಂದ. "ಮಾಮಾ, ಇಲ್ನೋಡ್ರಿ, ಕರಾಚಿ ಬಂದರ ಸುಟ್ಟು ಹೋತು. ನಮ್ಮ ಕಾರವಾರದ ಹಡಗ ಹೊಡದದ್ದಂತ." ರಾತ್ರಿಯ ಆಕಾಶದಿಂದ ಬೆಂಕಿಯ ಗೆರೆಯೊಂದು ಇಳಿದು, ದೊಡ್ಡ ಬೆಳಕಾಗಿ, ಸುತ್ತಲಿನ ಕಟ್ಟಡಗಳು ಒಮ್ಮೆ ಹೊಳೆದು ಮಸುಕಾಗುವ ಕೆಲವೇ ಸೆಕೆಂಡುಗಳ ದೃಶ್ಯ. ಹಡಗು ಎಲ್ಲಿಯದೆಂಬುದು ವಿಡಿಯೋದಲ್ಲಿ ಎಲ್ಲೂ ಇರಲಿಲ್ಲ. ಕಾರವಾರದಲ್ಲಿ ಕದಂಬ ನೌಕಾನೆಲೆ ಇರುವುದರಿಂದ ಆ ಭಾಗವನ್ನು ಹುಡುಗನ ಜಿಲ್ಲಾಭಿಮಾನ ಸೇರಿಸಿತ್ತು.

ಒಂದು ತಾಸು ಕಳೆದಿರಬಹುದು. ಅದೇ ಓಣಿಯ ಹೆಣ್ಣುಮಗಳೊಬ್ಬರು ಬಂದರು. ಅವರ ಮಗ ಸೇನೆಯಲ್ಲಿದ್ದಾನೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರವಿರುವುದರಿಂದ ಈ ಸೀಮೆಯ ಊರುಗಳಲ್ಲಿ ಇಂಥ ಮನೆಗಳು ಅಪರೂಪವಲ್ಲ. ಅವರ ಮೊಬೈಲಿನಲ್ಲಿ ಬೇರೊಂದು ವಿಡಿಯೋ ಇತ್ತು. ಗಡಿಯ ಭಾರತೀಯ ಠಾಣೆಯೊಂದನ್ನು ಪಾಕಿಸ್ತಾನದ ಸೇನೆ ನಾಶಮಾಡಿತೆಂದು ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಎರಡು ದಿನಗಳಿಂದ ಮಗನ ಫೋನ್ ಬಂದಿರಲಿಲ್ಲ. "ನೀವು ಶಾಣ್ಯಾರದೀರಿ, ಇದು ಖರೇ ಏನ್ರಿ ಹೇಳ್ರಿ" ಎಂದರು. ನಾನು ಕೂಡಲೇ "ಸುಳ್ಳು ಅಕ್ಕಾ, ಇಂಥವು ಬರುತ್ತಿರತಾವ" ಎಂದುಬಿಟ್ಟೆ. ಆಕೆ ನನ್ನ ಮುಖವನ್ನೇ ನೋಡಿ ಕೇಳಿದರು: "ನಿಮಗ ಹೆಂಗ ಗೊತ್ತಾತು?"

ಓದುಗರೇ, ಮೂವತ್ತು ವರ್ಷಗಳಿಂದ ಭೌತವಿಜ್ಞಾನ ಕಲಿಸುತ್ತಿರುವ ನನಗೆ ಆ ಪ್ರಶ್ನೆಗೆ ಉತ್ತರ ತಿಳಿದಿರಲಿಲ್ಲ. ವಿದ್ಯಾರ್ಥಿಯೊಬ್ಬ ಪ್ರಯೋಗ ಮಾಡದೆ ಫಲಿತಾಂಶ ಬರೆದು ತಂದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುವ ನಾನು ಅಂದು ಮಾಡಿದ್ದೂ ಅದನ್ನೇ. ಪುಸ್ತಕವನ್ನೋ ನಾಟಕವನ್ನೋ ವಿಮರ್ಶಿಸುವಂತೆ ಈ ವಿಡಿಯೋಗಳನ್ನೂ ವಿಮರ್ಶೆಗೆ ಒಡ್ಡಬೇಕೆಂದು ಆಗ ಅನ್ನಿಸಿತು. ಅಳತೆಗೋಲು ಮಾತ್ರ ನಮ್ಮ ಪ್ರಯೋಗಶಾಲೆಯದು. ಇದನ್ನು ಯಾವ ಉಪಕರಣ ದಾಖಲಿಸಿತು? ಅದರ ನಿಖರತೆ ಎಷ್ಟು? ಎಷ್ಟು ದಾಖಲೆಗಳಲ್ಲಿ ಇದೊಂದನ್ನು ಆರಿಸಿ ತೋರಿಸಲಾಗಿದೆ?

ಮೊದಲು ಹುಡುಗನ ವಿಡಿಯೋ. ಅದು ಕರಾಚಿಯದಾಗಿರಲಿಲ್ಲ. 2025ರ ಜನವರಿ 31ರ ಸಂಜೆ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ರೋಗಿಗಳನ್ನು ಸಾಗಿಸುವ ಲಿಯರ್‌ಜೆಟ್ ವಿಮಾನವೊಂದು ಮನೆಗಳ ನಡುವೆ ಬಿದ್ದಾಗ ಸೆರೆಯಾದ ದೃಶ್ಯ ಅದು. ನೌಕಾಪಡೆ ಕರಾಚಿಯ ಮೇಲೆ ದಾಳಿ ನಡೆಸಿರಲಿಲ್ಲ. ಕರಾಚಿಯೂ ಸೇರಿದಂತೆ ಗುರಿಗಳ ಮೇಲೆ ಎರಗಲು ಸಿದ್ಧವಾಗಿ ನಿಂತಿದ್ದೆವು ಎಂದಷ್ಟೇ ಮೇ 11ರ ಪತ್ರಿಕಾಗೋಷ್ಠಿಯಲ್ಲಿ ವೈಸ್ ಅಡ್ಮಿರಲ್ ಎ.ಎನ್. ಪ್ರಮೋದ್ ತಿಳಿಸಿದರು. ಅಷ್ಟರೊಳಗೆ ಕೆಲವು ಸುದ್ದಿವಾಹಿನಿಗಳು ಕರಾಚಿ ಬಂದರನ್ನು ಪೂರ್ತಿ ಸುಟ್ಟು ಮುಗಿಸಿದ್ದವು. ಆ ವಿಡಿಯೋದ ಮೂಲವನ್ನು ಪತ್ತೆಹಚ್ಚಲು ಭೌತವಿಜ್ಞಾನ ಬೇಕಾಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಅದರ ಒಂದು ಸ್ಥಿರಚಿತ್ರವನ್ನು ಅಂತರಜಾಲದ ಚಿತ್ರಶೋಧಕಕ್ಕೆ ಕೊಟ್ಟರೆ ಸಾಕಿತ್ತು. ಹಳೆಯ ದೃಶ್ಯಕ್ಕೆ ಹೊಸ ಹೆಸರು ಅಂಟಿಸುವುದು ಅತ್ಯಂತ ಅಗ್ಗದ ಮೋಸ. ಆದ್ದರಿಂದಲೇ ಅದು ಅತ್ಯಂತ ಸಾಮಾನ್ಯವೂ ಹೌದು.

ಎರಡನೆಯದು ಅಷ್ಟು ಸುಲಭವಾಗಿರಲಿಲ್ಲ. ಹುಡುಗನೂ ನಾನೂ ಕೂಡಿ ಆ ತುಣುಕನ್ನು ನಿಧಾನಗತಿಯಲ್ಲಿ ಓಡಿಸಿ ನೋಡಿದೆವು. ಕತ್ತಲೆ, ದೂರದಲ್ಲಿ ಗುಡ್ಡದ ಸಾಲು, ಅದರ ಮೇಲೆ ಮಿಂಚು, ಜೊತೆಗೆ ಕಿವಿಗಡಚಿಕ್ಕುವ ಸದ್ದು. ಮಿಂಚೂ ಸದ್ದೂ ಒಂದೇ ಫ್ರೇಮಿನಲ್ಲಿ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಬೇಸಿಗೆಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಮಿಂಚು ಕಂಡು ಮೂರು ಎಣಿಸುವಷ್ಟರಲ್ಲಿ ಗುಡುಗು ಕೇಳಿದರೆ ಸಿಡಿಲು ಒಂದು ಕಿಲೋಮೀಟರ್ ಆಚೆ ಬಿದ್ದಿದೆ ಎಂದು ನಮ್ಮ ರೈತರಿಗೂ ಗೊತ್ತು. ಆ ಗುಡ್ಡ ಒಂದು ಕಿಲೋಮೀಟರಿಗಿಂತ ಹತ್ತಿರವಿದ್ದಂತೆ ಕಾಣಲಿಲ್ಲ. ಹಾಗಿದ್ದರೆ ಸೆಕೆಂಡಿಗೆ 30 ಫ್ರೇಮುಗಳ ವಿಡಿಯೋದಲ್ಲಿ ಮಿಂಚಿಗೂ ಸದ್ದಿಗೂ ನಡುವೆ 85ಕ್ಕಿಂತ ಹೆಚ್ಚು ಫ್ರೇಮುಗಳ ಅಂತರ ಇರಬೇಕಿತ್ತು. ಆದ್ದರಿಂದ ಆ ಸದ್ದು ಆ ಕ್ಯಾಮರಾ ಕೇಳಿದ್ದಲ್ಲ. ಆಮೇಲೆ ಯಾರೋ ಸೇರಿಸಿದ್ದು.

ನಾನು ಇದನ್ನು ಆಕೆಗೆ ವಿವರಿಸಿದೆ. ತಾಳ್ಮೆಯಿಂದ ಕೇಳಿಕೊಂಡು, "ಹಂಗಾರ ಪೂರಾ ಸುಳ್ಳ ಏನ್ರಿ?" ಎಂದರು. ಅಲ್ಲಿಗೆ ನನ್ನ ವಿದ್ಯೆ ನಿಂತಿತು. ಸದ್ದು ಸುಳ್ಳು ಎಂಬುದಕ್ಕೆ ಪ್ರಮಾಣವಿತ್ತು. ದೃಶ್ಯವೂ ಸುಳ್ಳು ಎನ್ನಲು ಆ ಪ್ರಮಾಣ ಸಾಲದು. ನಿಜವಾದ ದೃಶ್ಯಕ್ಕೂ ಸುಳ್ಳು ಸದ್ದು ಅಂಟಿಸುವವರಿದ್ದಾರೆ. ಆ ದಿನಗಳಲ್ಲಿ ಓಡಾಡಿದ ಇಂಥದ್ದೇ ಒಂದು ವಿಡಿಯೋದಲ್ಲಿ ನಾಶವಾಯಿತೆಂದು ಹೇಳಿದ '20 ರಾಜ್ ಬೆಟಾಲಿಯನ್' ಎಂಬ ಘಟಕವೇ ಭಾರತೀಯ ಸೇನೆಯಲ್ಲಿ ಇಲ್ಲವೆಂದು ಪಿಐಬಿಯ ಸತ್ಯಶೋಧನ ವಿಭಾಗ ಪ್ರಕಟಿಸಿತು. ಓಣಿಯ ಆ ತಾಯಿಗೆ ಅದು ತಲುಪಲಿಲ್ಲ. ಮೇ 10ರಂದು ಗುಂಡಿನ ಚಕಮಕಿ ನಿಲ್ಲಿಸುವ ಒಪ್ಪಂದವಾಯಿತು, ಆ ರಾತ್ರಿ ಮಗನ ಫೋನ್ ಬಂತು. ಆಕೆ ಊಟ ಮಾಡಿದ್ದು ಆಮೇಲೆಯೇ ಎಂದು ಅಕ್ಕ ಹೇಳಿದಳು.

ಕ್ಯಾಮರಾವನ್ನು ಉಪಕರಣವೆಂದು ನೋಡುವ ಅಭ್ಯಾಸ ಹೊಸದೇನಲ್ಲ. 1945ರ ಜುಲೈನಲ್ಲಿ ಅಮೆರಿಕ ನಡೆಸಿದ ಮೊದಲ ಅಣುಸ್ಫೋಟದ ಛಾಯಾಚಿತ್ರಗಳು ಎರಡು ವರ್ಷಗಳ ನಂತರ ಬಹಿರಂಗವಾದವು. ಅವುಗಳ ಮೇಲೆ ಅಳತೆಯ ಗೆರೆಯೂ ಸ್ಫೋಟದಿಂದ ಕಳೆದ ಕಾಲವೂ ಮುದ್ರಿತವಾಗಿದ್ದವು. ಬ್ರಿಟನ್ನಿನ ಜೆಫ್ರಿ ಟೇಲರ್ 1950ರಲ್ಲಿ ಆ ಚಿತ್ರಗಳಿಂದಲೇ ಬಾಂಬಿನ ಶಕ್ತಿ ಸುಮಾರು 17 ಕಿಲೋಟನ್ ಎಂದು ಲೆಕ್ಕ ಹಾಕಿ ಪ್ರಕಟಿಸಿದರು. ಪದವಿ ತರಗತಿಯ ವಿದ್ಯಾರ್ಥಿಗಳು ಇದನ್ನು ಆಯಾಮ ವಿಶ್ಲೇಷಣೆಯಿಂದ ತಾವೇ ಮಾಡಿ ನೋಡಬಹುದು. ಸ್ಫೋಟದಿಂದ 25 ಮಿಲಿಸೆಕೆಂಡಿಗೆ ಬೆಂಕಿಗೋಳದ ತ್ರಿಜ್ಯ ಸುಮಾರು 140 ಮೀಟರ್. ತ್ರಿಜ್ಯದ ಐದನೆಯ ಘಾತವನ್ನು ಗಾಳಿಯ ಸಾಂದ್ರತೆಯಿಂದ ಗುಣಿಸಿ ಕಾಲದ ವರ್ಗದಿಂದ ಭಾಗಿಸಿದರೆ ಶಕ್ತಿಯ ಅಂದಾಜು ಸಿಗುತ್ತದೆ. ಒರಟು ಲೆಕ್ಕಕ್ಕೆ 25 ಕಿಲೋಟನ್ ಬರುತ್ತದೆ. ಟೇಲರ್ ಒಂದೇ ಚಿತ್ರವನ್ನು ನೆಚ್ಚಿಕೊಳ್ಳದೆ ಇಡೀ ಸರಣಿಯನ್ನು ಬಳಸಿ, ಸಿದ್ಧಾಂತದಿಂದ ಬಂದ ಗುಣಾಂಕವನ್ನೂ ಸೇರಿಸಿದ್ದರಿಂದ ಅದು 17ರ ಹತ್ತಿರಕ್ಕೆ ಇಳಿಯಿತು. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನಲ್ಲಿ ಅಮೋನಿಯಂ ನೈಟ್ರೇಟ್ ದಾಸ್ತಾನು ಸಿಡಿದಾಗ ಜನಸಾಮಾನ್ಯರು ಮೊಬೈಲಿನಲ್ಲಿ ತೆಗೆದ ವಿಡಿಯೋಗಳಿಂದ ಎಂಜಿನಿಯರುಗಳು ಆಘಾತತರಂಗ ತಲುಪಿದ ಕಾಲವನ್ನು ಅಳೆದು, ಅದರ ಬಲ ಸುಮಾರು ಅರ್ಧ ಕಿಲೋಟನ್ ಎಂದು ಅಂದಾಜಿಸಿದರು. ಎರಡೂ ಕಡೆ ಸ್ಥಳ ಗೊತ್ತಿತ್ತು, ದೂರ ಗೊತ್ತಿತ್ತು, ಕಾಲ ಗೊತ್ತಿತ್ತು. ಅಳತೆ ಸಾಧ್ಯವಾದದ್ದು ಆ ಕಾರಣಕ್ಕೆ.

ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಬರುವ ವಿಡಿಯೋದಲ್ಲಿ ಈ ಮೂರೂ ಇರುವುದಿಲ್ಲ. ಕಳುಹಿಸುವಾಗ ಕಡತ ಕುಗ್ಗುತ್ತದೆ, ಸೂಕ್ಷ್ಮ ವಿವರಗಳು ಅಳಿಸುತ್ತವೆ, ಯಾವ ಉಪಕರಣ ಯಾವಾಗ ತೆಗೆದದ್ದು ಎಂಬ ಮಾಹಿತಿಯೂ ಉದುರಿ ಹೋಗುತ್ತದೆ. ಏಕಮಾನ ಬರೆಯದ ಅಳತೆಯನ್ನು ನಾವು ಪ್ರಯೋಗದ ಪುಸ್ತಕದಲ್ಲಿ ಒಪ್ಪುತ್ತೇವೆಯೇ?

ಹಗಲಿನ ದೃಶ್ಯವಾದರೆ ಇನ್ನೊಂದು ಅಳತೆಗೋಲು ಉಂಟು; ನೆರಳು. ಶೂನ್ಯ ನೆರಳಿನ ದಿನವನ್ನು ಶಾಲೆಗಳಲ್ಲಿ ಆಚರಿಸುವ ಶಿಕ್ಷಕರಿಗೆ ಇದು ತಿಳಿದದ್ದೇ. ಹಳಿಯಾಳದ ಅಕ್ಷಾಂಶ ಸುಮಾರು 15.3 ಡಿಗ್ರಿ ಉತ್ತರ. ಮೇ 9ರಂದು ಸೂರ್ಯನ ಘಂಟಾವೃತ್ತಾಂಶ, ಎಂದರೆ ಖಗೋಳದ ಸಮಭಾಜಕದಿಂದ ಅದರ ಕೋನದೂರ, ಉತ್ತರಕ್ಕೆ 17 ಡಿಗ್ರಿ ದಾಟಿರುತ್ತದೆ. ಆ ದಿನ ನಡುಹಗಲು ತೇರಗಾಂವದಲ್ಲಿ ನಿಲ್ಲಿಸಿದ ಒಂದು ಮೀಟರ್ ಕೋಲಿನ ನೆರಳು ಮೂರು-ನಾಲ್ಕು ಸೆಂಟಿಮೀಟರ್, ಅದೂ ದಕ್ಷಿಣಕ್ಕೆ. ಅದೇ ಕೋಲನ್ನು ಕರಾಚಿಯಲ್ಲಿ ನಿಲ್ಲಿಸಿದರೆ ನೆರಳು ಸುಮಾರು 13 ಸೆಂಟಿಮೀಟರ್, ಉತ್ತರಕ್ಕೆ. ಶ್ರೀನಗರದಲ್ಲಾದರೆ 30 ಸೆಂಟಿಮೀಟರ್. ಕಂಬದ ಎತ್ತರಕ್ಕೂ ನೆರಳಿನ ಉದ್ದಕ್ಕೂ ಇರುವ ಅನುಪಾತ ವಿಡಿಯೋದಲ್ಲಿ ಸಿಕ್ಕರೆ, ದಿಕ್ಕು ಗೊತ್ತಾದರೆ, ಹೇಳಿದ ದಿನ ಹೇಳಿದ ಸ್ಥಳಕ್ಕೆ ಅದು ಹೊಂದುತ್ತದೆಯೋ ಇಲ್ಲವೋ ಎಂದು ನೋಡಬಹುದು. 2014ರ ಜುಲೈ 17ರಂದು ಉಕ್ರೇನಿನ ಮೇಲೆ ಮಲೇಷಿಯಾದ ಎಂಎಚ್17 ವಿಮಾನವನ್ನು ಹೊಡೆದುರುಳಿಸಿ 298 ಜನರನ್ನು ಕೊಂದ ಬುಕ್ ಕ್ಷಿಪಣಿ ವಾಹನ ಯಾವ ರಸ್ತೆಯಲ್ಲಿ ಎಷ್ಟು ಹೊತ್ತಿಗೆ ಸಾಗಿತು ಎಂಬುದನ್ನು ಹವ್ಯಾಸಿ ಶೋಧಕರು ಇಂಥ ನೆರಳು, ಕಟ್ಟಡ, ಫಲಕಗಳಿಂದಲೇ ಜೋಡಿಸಿದರು. 2022ರ ನವೆಂಬರ್ 17ರಂದು ನೆದರ್‌ಲೆಂಡ್ಸ್ ನ್ಯಾಯಾಲಯ ಮೂವರನ್ನು ಅಪರಾಧಿಗಳೆಂದು ಘೋಷಿಸಿತು. 2017ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಲಿಬಿಯಾದ ಸೇನಾಧಿಕಾರಿ ಮಹಮೂದ್ ಅಲ್ ವರ್ಫಲ್ಲಿಯ ಬಂಧನಕ್ಕೆ ವಾರಂಟ್ ಹೊರಡಿಸಿದ್ದು ಕೂಡ ಬಹುಮಟ್ಟಿಗೆ ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿದ ವಿಡಿಯೋಗಳ ಆಧಾರದ ಮೇಲೆ. ಆದ್ದರಿಂದ "ಮೊಬೈಲಿನಲ್ಲಿ ಬರುವುದೆಲ್ಲ ಸುಳ್ಳು" ಎಂದು ಕೈತೊಳೆದುಕೊಳ್ಳುವ ಶಿಕ್ಷಕರ ಮಾತನ್ನೂ ನಾನು ಒಪ್ಪಲಾರೆ. ಮೇ 9ರ ಬೆಳಿಗ್ಗೆ ನಾನು ಆಡಿದ್ದು ಅದೇ ಮಾತು.

ಇನ್ನು ಅಧಿಕೃತ ವಿಡಿಯೋ. ಸುಳ್ಳು ವಿಡಿಯೋಗಿಂತ ಇದನ್ನು ವಿಮರ್ಶಿಸುವುದು ಕಷ್ಟ, ಏಕೆಂದರೆ ಇದರಲ್ಲಿ ಕಾಣುವುದೆಲ್ಲ ಸಾಮಾನ್ಯವಾಗಿ ನಿಜವೇ ಆಗಿರುತ್ತದೆ. 1991ರ ಕೊಲ್ಲಿ ಯುದ್ಧವನ್ನು ನೆನಪಿಸಿಕೊಳ್ಳಿ. ಆಗ ನಾನು ಸಂಶೋಧನಾ ವಿದ್ಯಾರ್ಥಿ. ವಸತಿಗೃಹದ ದೂರದರ್ಶನದ ಮುಂದೆ ನೆಲದ ಮೇಲೆ ಕುಳಿತು ನೋಡಿದ್ದೇವೆ. ಇರಾಕ್ ಹಾರಿಸಿದ ಸ್ಕಡ್ ಕ್ಷಿಪಣಿಯತ್ತ ಅಮೆರಿಕದ ಪೇಟ್ರಿಯಟ್ ನೆಗೆಯುತ್ತದೆ, ಆಕಾಶದಲ್ಲಿ ಬೆಂಕಿಯುಂಡೆ, ಎಲ್ಲರ ಚಪ್ಪಾಳೆ. ಫೆಬ್ರುವರಿ 15ರಂದು ಅಧ್ಯಕ್ಷ ಬುಷ್ ಪೇಟ್ರಿಯಟ್ ತಯಾರಿಸುವ ಕಾರ್ಖಾನೆಗೇ ಹೋಗಿ, 42 ಸ್ಕಡ್‌ಗಳಲ್ಲಿ 41ನ್ನು ತಡೆಯಲಾಗಿದೆ ಎಂದರು.

ಎಂಐಟಿಯ ಥಿಯೊಡರ್ ಪೋಸ್ಟಲ್ ಮತ್ತು ಜಾರ್ಜ್ ಲೂಯಿಸ್ ಮಾಡಿದ್ದು ಬಹಳ ಸರಳವಾದ ಕೆಲಸ. ಸುದ್ದಿಸಂಸ್ಥೆಗಳ ಅದೇ ವಿಡಿಯೋಗಳನ್ನು ಒಂದೊಂದೇ ಫ್ರೇಮಿನಂತೆ ನೋಡಿದರು. ಬೆಂಕಿಯುಂಡೆ ಪೇಟ್ರಿಯಟ್ ತಾನೇ ಸಿಡಿದದ್ದರ ಗುರುತು. ಸ್ಕಡ್ ನಾಶವಾದದ್ದರ ಗುರುತು ಅದಲ್ಲ. ಮುಂದಿನ ಫ್ರೇಮುಗಳಲ್ಲಿ ಸ್ಕಡ್ಡಿನ ಹೊಳಪು ಅದೇ ದಾರಿಯಲ್ಲಿ ಕೆಳಗಿಳಿಯುತ್ತಿತ್ತು. ಕೆಲವು ದೃಶ್ಯಗಳಲ್ಲಿ ಆಮೇಲೆ ನೆಲದ ಮೇಲೆ ಸ್ಫೋಟವೂ ಕಾಣುತ್ತಿತ್ತು. ತಾವು ನೋಡಿದ ವಿಡಿಯೋಗಳಲ್ಲಿ ಸಿಡಿತಲೆ ನಾಶವಾದದ್ದಕ್ಕೆ ಸ್ಪಷ್ಟವಾದ ಒಂದು ನಿದರ್ಶನವೂ ಇಲ್ಲ ಎಂದು ಅವರು ಬರೆದರು. ಭೌತವಿಜ್ಞಾನಿಗಳಲ್ಲೇ ಇದಕ್ಕೆ ಆಕ್ಷೇಪ ಬಂತು. ಸುದ್ದಿ ಕ್ಯಾಮರಾ ಸೆಕೆಂಡಿಗೆ 30 ಫ್ರೇಮುಗಳನ್ನಷ್ಟೇ ತೆಗೆಯುತ್ತದೆ. ಸ್ಕಡ್ ಸೆಕೆಂಡಿಗೆ ಸುಮಾರು ಎರಡು ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಎರಡು ಫ್ರೇಮುಗಳ ನಡುವೆ ಅದು 60-70 ಮೀಟರ್ ಸಾಗಿರುತ್ತದೆ. ಡಿಕ್ಕಿಯ ಕ್ಷಣವನ್ನು ಇಂಥ ಉಪಕರಣ ಹೇಗೆ ಹಿಡಿದೀತು? ಇದು ನ್ಯಾಯವಾದ ಆಕ್ಷೇಪ, ಉಪಕರಣದ ಮಿತಿಯ ಪ್ರಶ್ನೆ. ಹಲವು ದೃಶ್ಯಗಳಲ್ಲಿ ಗುರಿ ತಪ್ಪಿದ ದೂರ ಆ ಮಿತಿಗಿಂತ ಬಹಳ ಹೆಚ್ಚು ಎಂಬುದು ಅವರ ಉತ್ತರ. ಮೀಟರುಗಳ ಪ್ರಶ್ನೆಗೆ ಆ ಕ್ಯಾಮರಾ ಉತ್ತರ ಕೊಡಲಾರದು, ನೂರಾರು ಮೀಟರುಗಳ ಪ್ರಶ್ನೆಗೆ ಕೊಡಬಲ್ಲದು. ನನ್ನ ದೃಷ್ಟಿಯಲ್ಲಿ ವಾದದಲ್ಲಿ ಗೆದ್ದವರು ಅವರೇ. ಸೇನೆ ತನ್ನ ಯಶಸ್ಸಿನ ಅಂಕಿಯನ್ನು ಮತ್ತೆ ಮತ್ತೆ ಇಳಿಸಿತು. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 1992ರಲ್ಲಿ ಬಲವಾದ ಪುರಾವೆ ಇರುವುದು ಶೇಕಡಾ 9ರಷ್ಟು ಪ್ರಕರಣಗಳಿಗೆ ಮಾತ್ರ ಎಂದಿತು. ಲೋಕವೆಲ್ಲ ನೋಡಿ ಚಪ್ಪಾಳೆ ತಟ್ಟಿದ ವಿಡಿಯೋದ ಒಳಗೇ ಅದರ ಖಂಡನೆಯೂ ಇತ್ತು!

ಅದೇ ಯುದ್ಧದ ಅತಿ ದೊಡ್ಡ ವೈಫಲ್ಯಕ್ಕೆ ಚಪ್ಪಾಳೆಯ ವಿಡಿಯೋ ಇರಲು ಸಾಧ್ಯವೇ ಇರಲಿಲ್ಲ. 1991ರ ಫೆಬ್ರುವರಿ 25ರಂದು ದಹ್ರಾನ್‌ನ ಸೈನಿಕ ವಸತಿಗೆ ಸ್ಕಡ್ ಬಡಿದು 28 ಅಮೆರಿಕನ್ ಸೈನಿಕರು ಸತ್ತರು. ಪೇಟ್ರಿಯಟ್‌ನ ಗಣಕ ಸುಮಾರು 100 ಗಂಟೆ ಸತತ ಓಡಿ, ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ದ್ವಿಮಾನ ಪದ್ಧತಿಯಲ್ಲಿ ಮೊಟಕುಗೊಳಿಸಿದ ದೋಷ ಕೂಡುತ್ತ ಹೋಗಿ 0.34 ಸೆಕೆಂಡಿಗೆ ತಲುಪಿತ್ತು. ಅಷ್ಟು ಹೊತ್ತಿನಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ಸಾಗುತ್ತದೆ. ಗಣಕ ತಪ್ಪು ಜಾಗದಲ್ಲಿ ಹುಡುಕಿ ಏನೂ ಇಲ್ಲವೆಂದುಕೊಂಡಿತು. ಪೇಟ್ರಿಯಟ್ ಹಾರಲೇ ಇಲ್ಲ. ಗಣಕ ವಿಜ್ಞಾನ ಕಲಿಸುವ ಮಿತ್ರರು ಈ ಉದಾಹರಣೆಯನ್ನು ತರಗತಿಯಲ್ಲಿ ಬಳಸಬಹುದು.

ಕಾಣುವುದು ಅಂಶ, ಕಾಣದಿರುವುದು ಛೇದ. ಅದೇ ಯುದ್ಧದಲ್ಲಿ ಕಟ್ಟಡದ ಕಿಟಕಿಗೇ ನುಗ್ಗಿದಂತೆ ತೋರುವ ಬಾಂಬುಗಳನ್ನು ಜಗತ್ತು ನೋಡಿತು. ಹಾಕಿದ ಬಾಂಬುಗಳಲ್ಲಿ ಇಂಥ ಮಾರ್ಗದರ್ಶಿತ ಬಾಂಬುಗಳು ನೂರಕ್ಕೆ ಹತ್ತಕ್ಕಿಂತ ಕಡಿಮೆ ಎಂಬುದನ್ನು ದೂರದರ್ಶನ ತೋರಿಸಲಿಲ್ಲ, ತೋರಿಸುವುದು ಅದಕ್ಕೆ ಸಾಧ್ಯವೂ ಇರಲಿಲ್ಲ. ಈಗ ಉಕ್ರೇನಿನ ಯುದ್ಧದಲ್ಲಿ ಚಿಕ್ಕ ಡ್ರೋನ್‌ಗಳು ಟ್ಯಾಂಕಿನ ಮೇಲೆ ಎರಗುವ ಸಾವಿರಾರು ವಿಡಿಯೋಗಳನ್ನು ಎರಡೂ ಪಕ್ಷಗಳು ಹರಿಯಬಿಟ್ಟಿವೆ. ತಂತಿಗೆ ಸಿಕ್ಕಿ ಬಿದ್ದ, ರೇಡಿಯೋ ಸಂಕೇತ ಕಡಿದು ದಾರಿ ತಪ್ಪಿದ ಡ್ರೋನುಗಳ ವಿಡಿಯೋವನ್ನು ಯಾರೂ ಹೆಮ್ಮೆಯಿಂದ ಹಂಚುವುದಿಲ್ಲ. ಆ ವಿಡಿಯೋಗಳಿಂದ ಡ್ರೋನಿನ ಯಶಸ್ಸಿನ ಪ್ರಮಾಣ ಲೆಕ್ಕ ಹಾಕುವುದು, ಪ್ರಥಮ ದರ್ಜೆಯವರ ಉತ್ತರಪತ್ರಿಕೆಗಳನ್ನಷ್ಟೇ ನೋಡಿ ಶಾಲೆಯ ಫಲಿತಾಂಶ ಹೇಳಿದಂತೆ. 2025ರ ಮೇ ತಿಂಗಳಿನಲ್ಲಿ ಭಾರತವೂ ಪಾಕಿಸ್ತಾನವೂ ಬಿಡುಗಡೆ ಮಾಡಿದ ದಾಳಿಯ ದೃಶ್ಯಗಳಿಗೂ ಇದೇ ಮಾತು ಅನ್ವಯಿಸುತ್ತದೆ. ನಮ್ಮವರು ತೋರಿಸಿದ್ದು ಎಂಬ ಕಾರಣಕ್ಕೆ ಅಳತೆಗೋಲನ್ನು ಬದಲಿಸಲಾಗದು.

ಗಣಕದ ಆಟಗಳ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. 2019ರ ಫೆಬ್ರುವರಿಯಲ್ಲಿ ಬಾಲಾಕೋಟ್ ದಾಳಿಯದೆಂದು ನಮ್ಮಲ್ಲಿ ಹರಿದಾಡಿದ ಒಂದು ತುಣುಕು 'ಆರ್ಮಾ 2' ಎಂಬ ಆಟದ್ದು. 2022ರಲ್ಲಿ ಕೀವ್ ನಗರದ ಮೇಲಿನ ವಾಯುಯುದ್ಧವೆಂದು ಬಂದದ್ದು ಇನ್ನೊಂದು ಆಟದ್ದು. 2025ರಲ್ಲಿ 'ಆರ್ಮಾ 3' ಮತ್ತೆ ಬಂತು. ಈ ಆಟವನ್ನು ತಯಾರಿಸಿದ ಚೆಕ್ ಸಂಸ್ಥೆ ಬೇಸತ್ತು 2022ರ ನವೆಂಬರ್‌ನಲ್ಲಿ ಒಂದು ಪ್ರಕಟಣೆಯನ್ನೇ ಹೊರಡಿಸಿತ್ತು. ಮಸುಕು ಚಿತ್ರ, ಅಲುಗುವ ಕ್ಯಾಮರಾ, ಕತ್ತಲೆ, ಸದ್ದಿಲ್ಲದಿರುವುದು, ಜನರ ಚಲನೆ ಕಾಣದಿರುವುದು, ಹೊಗೆ ಮತ್ತು ಧೂಳು ಅಸಹಜವಾಗಿರುವುದು, ಇವು ತಮ್ಮ ಆಟದ ತುಣುಕಿನ ಲಕ್ಷಣಗಳೆಂದು ಅವರೇ ಹೇಳಿಕೊಟ್ಟರು. ಆಟದಲ್ಲಿ ಗುರುತ್ವ ಇರುತ್ತದೆ, ಗುಂಡು ಸರಿಯಾದ ವಕ್ರರೇಖೆಯಲ್ಲೇ ಹೋಗುತ್ತದೆ. ಹೊಗೆಯ ಪ್ರಕ್ಷುಬ್ಧ ಚಲನೆಯನ್ನು ಲೆಕ್ಕ ಹಾಕುವುದು ಮಾತ್ರ ಬಹಳ ದುಬಾರಿ. ಆದ್ದರಿಂದ ಅಲ್ಲಿ ಅಡ್ಡದಾರಿ ಹಿಡಿಯುತ್ತಾರೆ. ಕೃತಕ ಬುದ್ಧಿಮತ್ತೆ ತಯಾರಿಸುವ ವಿಡಿಯೋಗಳ ವಿಷಯದಲ್ಲಿ ಇಂಥ ಲಕ್ಷಣಗಳ ಪಟ್ಟಿ ಕೊಡಲು ನನಗೆ ಹಿಂಜರಿಕೆ ಇದೆ. 2022ರ ಮಾರ್ಚ್‌ನಲ್ಲಿ ಉಕ್ರೇನಿನ ಅಧ್ಯಕ್ಷ ಶರಣಾಗುವಂತೆ ಹೇಳಿದ ನಕಲಿ ವಿಡಿಯೋ ನೋಡಿದವರು ನಕ್ಕಿದ್ದರು. 2025ರ ಮೇ ತಿಂಗಳಿನಲ್ಲಿ ಪಾಕಿಸ್ತಾನದ ಸೇನಾ ವಕ್ತಾರರು ತಮ್ಮ ಎರಡು ವಿಮಾನಗಳು ನಾಶವಾದವೆಂದು ಒಪ್ಪಿಕೊಂಡಂತೆ ಮಾಡಿದ ನಕಲಿಯನ್ನು ನಮ್ಮವರು ಅನೇಕರು ನಂಬಿದರು. ಇಂದು ಬರೆದ ಲಕ್ಷಣ ಈ ಸಂಚಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ಹಳತಾಗಿರಬಹುದು.

ವಿಡಿಯೋಗಳಿಗೆ ಇಷ್ಟೊಂದು ಅಧಿಕಾರ ಬಂದದ್ದು ಏಕೆ ಎಂಬುದನ್ನೂ ಕೇಳಬೇಕು. ಭಾರತದ ವಿಮಾನಗಳನ್ನು ಉರುಳಿಸಿದ್ದಕ್ಕೆ ಪುರಾವೆ ಏನೆಂದು ಸಿಎನ್‌ಎನ್ ವಾಹಿನಿ ಕೇಳಿದಾಗ ಪಾಕಿಸ್ತಾನದ ರಕ್ಷಣಾ ಸಚಿವ ಖ್ವಾಜಾ ಆಸಿಫ್, ಅದೆಲ್ಲ ಸಾಮಾಜಿಕ ಜಾಲತಾಣಗಳಲ್ಲಿ ಇದೆ ಎಂದುಬಿಟ್ಟರು. ಒಂದು ದೇಶದ ರಕ್ಷಣಾ ಸಚಿವರ ಕೈಯಲ್ಲಿದ್ದದ್ದೂ ತೇರಗಾಂವದ ಹುಡುಗನ ಕೈಯಲ್ಲಿದ್ದದ್ದೂ ಒಂದೇ ಬಗೆಯ ಪುರಾವೆ! ಇತ್ತ ನಮ್ಮ ಕಡೆ, ವಿಮಾನಗಳ ನಷ್ಟ ಆಗಿದೆ ಎಂಬುದನ್ನು ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್, ಸಂಖ್ಯೆ ಹೇಳದೆ, ಒಪ್ಪಿಕೊಂಡದ್ದು ಮೇ 31ರಂದು, ಅದೂ ಸಿಂಗಪುರದಲ್ಲಿ. ಯುದ್ಧಕಾಲದ ಗೋಪ್ಯತೆಗೆ ಕಾರಣಗಳಿರುತ್ತವೆ ಎಂದು ಬಲ್ಲೆ. ಆದರೆ ಮೂರು ವಾರಗಳ ಆ ಖಾಲಿ ಜಾಗವನ್ನು ತುಂಬಿದ್ದು ಯಾರದೋ ಹೊಲದಲ್ಲಿ ಬಿದ್ದ ಲೋಹದ ತುಂಡುಗಳ ವಿಡಿಯೋಗಳು. ಸೇನೆಯ ಕಾರ್ಯಾಚರಣೆಯ ಸಮಯದಲ್ಲಿ ಸುಮಾರು ಶೇಕಡಾ 15 ಸುಳ್ಳು ಕಥನಗಳನ್ನು ಎದುರಿಸುವುದಕ್ಕೇ ಹೋಯಿತೆಂದು ಅದೇ ಸಂದರ್ಭದಲ್ಲಿ ಅವರು ಹೇಳಿದರು.

ಸರ್ಕಾರದ ಇನ್ನೊಂದು ದಾರಿ ತೆಗೆದುಹಾಕಿಸುವುದು. 2019ರಲ್ಲಿ ಸೆರೆ ಸಿಕ್ಕ ವಿಂಗ್ ಕಮಾಂಡರ್ ಅಭಿನಂದನ್ ಅವರ ವಿಡಿಯೋಗಳ 11 ಕೊಂಡಿಗಳನ್ನು ಅಳಿಸುವಂತೆ ಯೂಟ್ಯೂಬಿಗೆ ಸೂಚಿಸಲಾಯಿತು. ಯುದ್ಧಕೈದಿಯನ್ನು ಸಾರ್ವಜನಿಕ ಕುತೂಹಲಕ್ಕೆ ಒಡ್ಡಬಾರದೆಂದು ಜಿನೀವಾ ಒಪ್ಪಂದವೇ ಹೇಳುವುದರಿಂದ ಅದು ಸರಿಯಾದ ಕ್ರಮ. 2025ರ ಮೇ 8ರಂದು ಎಂಟು ಸಾವಿರಕ್ಕೂ ಹೆಚ್ಚು ಖಾತೆಗಳನ್ನು ತಡೆಹಿಡಿಯುವಂತೆ ತನಗೆ ಆದೇಶ ಬಂದಿದೆ ಎಂದು ಎಕ್ಸ್ ಸಂಸ್ಥೆ ತಿಳಿಸಿತು. ಇಷ್ಟು ಅಗಲವಾದ ಬಲೆಯಲ್ಲಿ ಸುಳ್ಳಿನ ಜೊತೆ ಸುದ್ದಿಯೂ ಸಿಕ್ಕಿಬೀಳುತ್ತದೆ. ಆದರೂ ಸುಳ್ಳು ನಿಲ್ಲಲಿಲ್ಲ. ಪತ್ರಿಕಾಗೋಷ್ಠಿಗಳಲ್ಲಿ ದೇಶಕ್ಕೆ ಪರಿಚಿತರಾದ ಕರ್ನಲ್ ಸೋಫಿಯಾ ಖುರೇಷಿ ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ. ಅಲ್ಲಿಯ ಮನೆಯನ್ನು ಧ್ವಂಸ ಮಾಡಲಾಗಿದೆ ಎಂದು ಆ ದಿನಗಳಲ್ಲೇ ಒಂದು ಬರಹ ಹರಿದಾಡಿತು. ಬೆಳಗಾವಿ ಜಿಲ್ಲಾ ಪೊಲೀಸರು ಅದು ಶುದ್ಧ ಸುಳ್ಳೆಂದು ಪ್ರಕಟಿಸಿ ಮನೆಗೆ ಕಾವಲು ಹಾಕಬೇಕಾಯಿತು. ತೇರಗಾಂವದಿಂದ ಕೊಣ್ಣೂರು ಅರ್ಧ ದಿನದ ಬಸ್ ಪ್ರಯಾಣದಷ್ಟು ಹತ್ತಿರ. ಆದರೂ ನಮ್ಮ ಓಣಿಯಲ್ಲಿ ಮೊದಲು ಬಂದದ್ದು ಸುಳ್ಳೇ.

ವಿಡಿಯೋ ತೆಗೆಯುವವರೂ ನಾವೇ ಆಗಿರುವುದರಿಂದ ಒಂದು ಎಚ್ಚರಿಕೆ. 2008ರ ನವೆಂಬರ್‌ನಲ್ಲಿ ಮುಂಬೈ ದಾಳಿಯ ನೇರ ಪ್ರಸಾರವನ್ನು ನೋಡುತ್ತ ಗಡಿಯಾಚೆಯಿಂದ ಭಯೋತ್ಪಾದಕರಿಗೆ ಫೋನಿನಲ್ಲಿ ಸೂಚನೆ ಕೊಡಲಾಗುತ್ತಿತ್ತು. 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವಾಹಿನಿಗಳನ್ನು ಕಟುವಾಗಿ ಟೀಕಿಸಿತು. 2021ರ ಕೇಬಲ್ ದೂರದರ್ಶನ ನಿಯಮಗಳನ್ನು ಉಲ್ಲೇಖಿಸಿ, ಸೇನಾ ಚಲನವಲನಗಳ ನೇರ ಪ್ರಸಾರ ಬೇಡವೆಂದು 2025ರ ಏಪ್ರಿಲ್ 26ರಂದು ಮತ್ತೆ ಸೂಚನೆ ಹೊರಟಿತು. ನಮ್ಮ ಜಿಲ್ಲೆಯಲ್ಲೂ ಇದು ದೂರದ ಮಾತಲ್ಲ. ಕಾರವಾರದ ನೌಕಾನೆಲೆಯ ಮಾಹಿತಿ ಹೊರಗೆ ಹೋದ ಆರೋಪದ ಮೇಲೆ 2025ರ ಫೆಬ್ರುವರಿಯಲ್ಲಿ ಎನ್‌ಐಎ ಸ್ಥಳೀಯರಿಬ್ಬರನ್ನು ಬಂಧಿಸಿತ್ತು. ಹಿನ್ನೆಲೆಯ ಗುಡ್ಡ, ಕಂಬ, ನೆರಳು ನಮಗೆ ಸತ್ಯಶೋಧನೆಗೆ ಒದಗಿದಂತೆಯೇ ಇನ್ನೊಬ್ಬರಿಗೆ ಗುರಿಯಿಡಲು ಒದಗುತ್ತವೆ.

ನಾನು ಕಂಡ ಯುದ್ಧದ ವಿಡಿಯೋಗಳಲ್ಲಿ ಅತ್ಯಂತ ನಂಬಲರ್ಹವಾದವು ಯಾವುವು ಎಂದು ಕೇಳಿದರೆ, 2022ರ ಫೆಬ್ರುವರಿ ಕೊನೆಯಲ್ಲಿ ಖಾರ್ಕಿವ್‌ನ ನೆಲಮಾಳಿಗೆಗಳಿಂದ ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಕಳುಹಿಸಿದವು ಎನ್ನುತ್ತೇನೆ. ಅವುಗಳಲ್ಲಿ ಸ್ಫೋಟವಿಲ್ಲ, ಸಂಗೀತವಿಲ್ಲ. ಮಂದ ಬೆಳಕಿನಲ್ಲಿ ಒತ್ತಾಗಿ ಕುಳಿತ ಹುಡುಗ ಹುಡುಗಿಯರು ಊಟ ನೀರು ಮುಗಿಯುತ್ತ ಬಂತು ಎಂದು ಕನ್ನಡದಲ್ಲಿ ಹೇಳುತ್ತಿದ್ದರು. ಮಾರ್ಚ್ 1ರಂದು ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವಿದ್ಯಾರ್ಥಿಯೊಬ್ಬ ಆಹಾರ ತರಲು ಹೊರಗೆ ಹೋಗಿದ್ದಾಗ ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡ. ಆ ಸುದ್ದಿಗೆ ವಿಡಿಯೋದ ಆಧಾರ ಬೇಕಾಗಲಿಲ್ಲ.

ದೀಪಾವಳಿಗೆ ಮತ್ತೆ ತೇರಗಾಂವಕ್ಕೆ ಹೋಗಿದ್ದೆ. ಊರಿನ ಮಾಸ್ತರರೊಬ್ಬರಿಗೆ ಮೇ ತಿಂಗಳಿನ ಕಥೆ ಹೇಳಿದಾಗ ಅವರು ಪ್ರಯೋಗಕ್ಕೆ ಕೂಡಲೇ ಒಪ್ಪಿದರು. ಕಬ್ಬಿನ ಗದ್ದೆಯ ಪಕ್ಕದ ನೇರ ದಾರಿಯಲ್ಲಿ 700 ಮೀಟರ್ ಅಳೆದು, ಒಂದು ತುದಿಯಲ್ಲಿ ಅವರು ಪಟಾಕಿ ಹಚ್ಚಿದರು. ಇನ್ನೊಂದು ತುದಿಯಲ್ಲಿ ಆರು ಮಕ್ಕಳು ತಮ್ಮ ಮನೆಯ ಮೊಬೈಲ್‌ಗಳಲ್ಲಿ ಚಿತ್ರೀಕರಿಸಿದರು. ಲೆಕ್ಕದ ಪ್ರಕಾರ ಬೆಳಕಿಗೂ ಸದ್ದಿಗೂ ನಡುವೆ 60 ಫ್ರೇಮುಗಳಿರಬೇಕು. ಐವರಿಗೆ 58ರಿಂದ 62ರವರೆಗೆ ಬಂತು. ಆರನೆಯವಳಿಗೆ ಬಂದದ್ದು ಸೊನ್ನೆ. ತಬ್ಬಿಬ್ಬಾದ ಹುಡುಗಿಯ ಮೊಬೈಲನ್ನು ಎಲ್ಲರೂ ಸುತ್ತುವರಿದು ನೋಡಿದರು. ಮನೆಯಲ್ಲಿ ಅಣ್ಣ ಹಾಕಿಕೊಟ್ಟಿದ್ದ ಒಂದು ತಂತ್ರಾಂಶ, ದೃಶ್ಯ ಆಕರ್ಷಕವಾಗಿರಲೆಂದು, ಮಿಂಚು ಕಂಡ ಕಡೆಯಲ್ಲೆಲ್ಲ ತಾನೇ ಒಂದು ಸ್ಫೋಟದ ಸದ್ದನ್ನು ಸೇರಿಸುತ್ತಿತ್ತು.